ದೇವಿರಮ್ಮನ ಕೋಳಿಗೆ ಬಿದ್ದ ಕಣ್ಣು

ಕಿರುಗಾವಲಿನ ದೇವಿರಮ್ಮ ತಪ್ಪು ಯಾರದ್ದೆಂದು ಹೇಳುವುದರಲ್ಲಿ ಎಂದೂ ತಡಮಾಡಿದವರಲ್ಲ. ಹಾಲು ಒಡೆದರೆ ಸೊಸೆಯ ತಪ್ಪು, ಕರೆಂಟು ಹೋದರೆ ಪಕ್ಕದ ಮನೆಯ ಮಿಕ್ಸಿಯ ತಪ್ಪು. ಹಾಗಾಗಿ ಅವರ ಮುದ್ದಿನ ಹೇಂಟೆ ಕೆಂಚಿ ಮೊಟ್ಟೆ ನಿಲ್ಲಿಸಿದ ದಿನವೇ ಅಪರಾಧಿಯೂ ಸಿಕ್ಕಳು.

“ನಿನ್ ಕಣ್ಣು ಬಿದ್ದೇ ನನ್ ಕೋಳಿ ಇಂಗಾಗೋಯ್ತು ಕಣಮ್ಮಿ!” ಎಂದು ಬೇಲಿಯಾಚೆಯ ಭಾಗ್ಯಲಕ್ಷ್ಮಿಯ ಮೇಲೆ ಕೂಗಾಡಿದರು. ಗೂಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಕೆಂಚಿ ಮೆಣಸಿನಕಾಯಿಯನ್ನೂ ಕುಕ್ಕಿ ತಿಂದಿತೇ ಹೊರತು ಮೊಟ್ಟೆ ಇಡಲಿಲ್ಲ.

ಎಮ್ಮೆ ನೋಡಲು ಬಂದ ಪಶುವೈದ್ಯ ನಾಗೇಶ್ ಕೈಗೆ ಕೋಳಿಯನ್ನೂ ಕೊಟ್ಟರು.

“ವಯಸ್ಸೆಷ್ಟಮ್ಮ?”

“ನಂಗಾ? ಎಪ್ಪತ್ತೆಲ್ಡು.”

“ಕೋಳಿಗೆ.”

“ನಮ್ ಮೊಮ್ಮಗಳು ಅಮೃತ ಒಂದ್ನೇ ಕ್ಲಾಸಿಗೆ ಸೇರ್ದಾಗ ತಂದಿದ್ದು. ಈಗವಳು ಏಳ್ನೇ ಕ್ಲಾಸು.”

ವೈದ್ಯರು ನಕ್ಕರು. “ಮೊದಲ ಎರಡು ಮೂರು ವರ್ಷ ಚೆನ್ನಾಗಿ ಇಡುತ್ತೆ. ಆಮೇಲೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ ಒಂದಿನ ನಿಂತೇಹೋಗುತ್ತೆ. ಕಾಯಿಲೆಯೂ ಅಲ್ಲ, ಯಾರ ಕಣ್ಣೂ ಅಲ್ಲ. ವಯಸ್ಸಾಗಿದೆ, ಅಷ್ಟೇ.”

ಬೇಲಿಯ ಹತ್ತಿರ ಭಾಗ್ಯಲಕ್ಷ್ಮಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಈಗೇಳು ದೊಡ್ಡವ್ವ, ಯಾರ್ ತಪ್ಪು?”

ದೇವಿರಮ್ಮ ವೈದ್ಯರತ್ತ ಬೆರಳು ತೋರಿಸಿದರು. “ಈ ಡಾಕ್ಟ್ರುದೇ! ಮೂರು ವರ್ಸ ಮುಂಚೇನೇ ಬಂದು ಯೋಳ್ಬೇಕಾಗಿತ್ತು.”

ಭಾಗ್ಯಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. “ಓಗ್ಲಿ ಬುಡು. ಇನ್ನೇನು, ಸಾರು ಮಾಡ್ತೀಯಾ?”

“ಬಾಯ್ ಮುಚ್ಚು! ಇಷ್ಟು ವರ್ಸ ಮೊಟ್ಟೆ ಇಕ್ಕಿದ್ ಜೀವ ಅದು,” ಎಂದು ದೇವಿರಮ್ಮ ಕೋಳಿಯನ್ನು ಸೆರಗಿನಡಿ ಬಚ್ಚಿಟ್ಟುಕೊಂಡರು.

ಕೆಂಚಿ ಈಗಲೂ ಹಿತ್ತಲಲ್ಲಿ ರಾಗಿ ತಿಂದು ಬಿಸಿಲು ಕಾಯಿಸುತ್ತದೆ. ದೇವಿರಮ್ಮನ ಮನೆಗೆ ಮೊಟ್ಟೆ ಭಾಗ್ಯಲಕ್ಷ್ಮಿಯ ಹಿತ್ತಲಿನಿಂದ ಬರುತ್ತದೆ. ಚಿಕ್ಕದಾಯಿತೆಂದು ಅವರು ಪ್ರತಿಸಲವೂ ಗೊಣಗುತ್ತಾರೆ.