ಹಲಗೆಯ ಆಚೆಗಿನ ಗ್ರಂಥಪಾಲ

ಬೆಳಗಿನ ಐದೂವರೆ. ಮಿರಜ ಸ್ಟೇಷನ್ನಿನಲ್ಲಿ ಪುಣೆಯ ಗಾಡಿ ಇನ್ನೂ ನಿಂತಿರುವಾಗಲೇ ಕಾಡಪ್ಪನವರು ಪೇಪರಿನ ಕಟ್ಟು ಹೆಗಲಿಗೇರಿಸಿ ಪೇಟೆಯ ದಾರಿ ಹಿಡಿಯುತ್ತಾರೆ. ಈ ಮಹಾಯುದ್ಧ ಶುರುವಾದಾಗಿನಿಂದ ಪೇಪರಿಗೆ ಜನ ಮುಗಿಬೀಳುತ್ತಾರೆ. ಆರೂವರೆಗೆ ವಾಚನಾಲಯದ ಬಾಗಿಲು ತೆರೆಯದಿದ್ದರೆ ಅರಿಸಿನದ ವ್ಯಾಪಾರಿಗಳು ಮೆಟ್ಟಿಲ ಮೇಲೆ ನಿಂತು ಗೊಣಗುತ್ತಾರೆ. ಅಷ್ಟರೊಳಗೆ ಕಸ ಗುಡಿಸಬೇಕು, ಮರಾಠಿ ಪೇಪರುಗಳನ್ನು ಎಡಗಡೆಯ ಮೇಜಿಗೆ, ಕನ್ನಡದವನ್ನು ಬಲಗಡೆಯ ಮೇಜಿಗೆ ಹರಡಬೇಕು, ಬೆನ್ನು ಕಿತ್ತು ಬಂದ ಪುಸ್ತಕಗಳಿಗೆ ಹೊಲಿಗೆ ಹಾಕಬೇಕು. ಹೊಲಿಗೆ ಅವರ ಮನೆತನದ ವಿದ್ಯೆ. ಅಪ್ಪ ಚಪ್ಪಲಿ ಹೊಲಿಯುತ್ತಿದ್ದರು. ಮಗನ ಕೈಯಲ್ಲಿರುವುದು ಅದೇ ದಬ್ಬಳ, ಅದೇ ಮೇಣ ಹಚ್ಚಿದ ದಾರ.

ಊರಿಗೆಲ್ಲ ಇವರು ‘ಕಾಡ್ಯಾ’. ನಾನು ಕಾಡಪ್ಪನವರು ಎಂದೇ ಬರೆಯುತ್ತೇನೆ, ಸಂಪಾದಕರು ತಿದ್ದದಿದ್ದರೆ ಸಾಕು. ಪತ್ರಿಕೆಗೆ ಬರೆಯಲೆಂದು ಹುಬ್ಬಳ್ಳಿಯಿಂದ ಬಂದ ನಾನು, ಓದಲು ಒಂದು ಪೇಪರು ಕೊಡಿ ಎಂದು ಕಿಟಕಿಯ ಒಳಗೆ ಕೈ ಚಾಚಿದೆ. ಅವರು ಕೈಗೆ ಕೊಡಲಿಲ್ಲ. ಕಿಟಕಿಗೆ ಅಡ್ಡಲಾಗಿ ಹಾಕಿದ್ದ ಸಾಗವಾನಿ ಹಲಗೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತರು. ನನ್ನ ಮೋರೆ ನೋಡಿ ತಾವೇ ಹೇಳಿದರು: “ರೂಢಿರೀ. ಕಾಲು ತಾವs ಹಿಂದ ಹೋಗತಾವ.”

ಕಾಡಪ್ಪನವರು ಸಮಗಾರ ಕೇರಿಯವರು, ಅಂದರೆ ಮುಟ್ಟಬಾರದವರೆಂದು ಊರು ಹೊರಗಿಟ್ಟವರು. ಕೇರಿಯ ಶಾಲೆಯಲ್ಲಿ ನಾಲ್ಕು ಇಯತ್ತೆ ಕಲಿತು, ಇಪ್ಪತ್ತೆರಡು ವರ್ಷದ ಹಿಂದೆ ಈ ವಾಚನಾಲಯಕ್ಕೆ ಕಸ ಗುಡಿಸಲು ಸೇರಿದರು. ಇದು ಮಿರಜದ ಕನ್ನಡ ವರ್ತಕರು ಕೂಡಿ ಕಟ್ಟಿದ ವಾಚನಾಲಯ. ಆಗ ಗ್ರಂಥಪಾಲರಾಗಿದ್ದ ಗುರುಸಿದ್ಧಪ್ಪ ಮಾಸ್ತರರಿಗೆ ಕಣ್ಣಿಗೆ ಪೊರೆ ಬಂತು. “ಮಾಸ್ತರು ಪುಸ್ತಕ ಕೈಯಾಗ ಹಿಡಕೊಂಡು, ‘ಕಾಡ್ಯಾ, ಇದರ ಹೆಸರ ಏನೋ’ ಅಂತಿದ್ರು. ನಾ ದೂರ ನಿಂತು ಓದಿ ಹೇಳಾಂವ. ಮೊದಲ ಬರೇ ಹೆಸರ ಓದಿದೆ. ಆಮ್ಯಾಲೆ ಮೊದಲನೇ ಹಾಳಿ ಓದಿದೆ. ಆಮ್ಯಾಲೆ ಬಿಡಾಕ ಆಗಲಿಲ್ರಿ.”

ಹನ್ನೊಂದು ವರ್ಷದ ಹಿಂದೆ ಮಾಸ್ತರರು ತೀರಿಕೊಂಡಾಗ ಕಮಿಟಿಯವರಿಗೆ ಪೇಚಾಟಕ್ಕಿಟ್ಟುಕೊಂಡಿತು. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಬಲ್ಲವರು ಕಾಡಪ್ಪನವರೊಬ್ಬರೇ. ಹಾಗಾಗಿ ಕೆಲಸ ಕೊಟ್ಟರು, ಹೆಸರು ಕೊಡಲಿಲ್ಲ. ಹಜೇರಿ ಪುಸ್ತಕದಲ್ಲಿ ‘ಜವಾನ’ ಎಂದೇ ಉಳಿಯಿತು. ಜೊತೆಗೊಂದು ಕರಾರು: ಓದುಗರು ಇವರ ಕೈಯಿಂದ ಪುಸ್ತಕ ತೆಗೆದುಕೊಳ್ಳಬೇಕಾಗಬಾರದು. ಅದಕ್ಕೆಂದೇ ಕಮಿಟಿಯ ಅಧ್ಯಕ್ಷರಾದ ಮಹಾಲಿಂಗಪ್ಪನವರು ತಮ್ಮ ಅಡತಿ ಅಂಗಡಿಯಿಂದ ಒಂದು ಹಲಗೆ ತರಿಸಿ ಕಿಟಕಿಗೆ ಹಾಕಿಸಿದರು. ಮಹಾಲಿಂಗಪ್ಪನವರು ಕೆಟ್ಟವರಲ್ಲ. ಪ್ರತಿ ಸೋಮವಾರ ಮಠದಲ್ಲಿ ಕೂತು, ಎಲ್ಲರೂ ಒಂದೇ ಎಂಬ ಪುರಾಣ ಕೇಳಿ ತಲೆದೂಗಿ ಬರುತ್ತಾರೆ. ಬಂದು ಹಲಗೆಯ ಮೇಲಿಂದ ಪುಸ್ತಕ ಎತ್ತಿಕೊಳ್ಳುತ್ತಾರೆ.

ಹಲಗೆ ಬಂದ ಮೇಲೆ ಜಗಳ ಶುರುವಾಯಿತು. ಎರಡು ಹೆಜ್ಜೆ ದೂರದಿಂದ ಮಾತು ಕೇಳಿಸುವುದಿಲ್ಲ, ಹಿರಿಯ ಹೆಂಗಸರು ಇವರೊಡನೆ ಮಾತೇ ಆಡುವುದಿಲ್ಲ. ಕೇಳಿದ್ದು ಒಂದು, ಕೊಟ್ಟಿದ್ದು ಇನ್ನೊಂದು. ಪುಸ್ತಕ ವಾಪಸು ತಂದಿಟ್ಟೆ ಎನ್ನುವವರು ಒಬ್ಬರು, ಇಲ್ಲ ಎನ್ನಲು ಇವರಿಗೆ ಬಾಯಿಲ್ಲ. ಕಾಡಪ್ಪನವರು ಒಂದು ಉಪಾಯ ಹೂಡಿದರು. ಪುಸ್ತಕಗಳ ನಂಬರುವಾರು ಯಾದಿಯನ್ನು ಕಿಟಕಿಯ ಹೊರಗೆ ತೂಗುಹಾಕಿದರು. ಓದುಗ ಯಾದಿ ನೋಡಿ, ಒಂದು ಚೀಟಿಯಲ್ಲಿ ಪುಸ್ತಕದ ನಂಬರು ಮತ್ತು ತನ್ನ ನಂಬರು ಬರೆದು ಹಲಗೆಯ ಮೇಲಿಡಬೇಕು. ಚೀಟಿ ಒಳಗೆ ಹೋಗಿ ತಾರೀಖಿನ ಖಾನೆಯಲ್ಲಿ ಕೂರುತ್ತದೆ, ಪುಸ್ತಕ ಹೊರಗೆ ಬರುತ್ತದೆ. ಪುಸ್ತಕ ತಿರುಗಿ ತಂದಾಗ ಚೀಟಿ ಓದುಗನಿಗೆ ವಾಪಸು. ಯಾರೂ ತುಟಿ ಎರಡು ಮಾಡಬೇಕಿಲ್ಲ.

ಎರಡು ಸಾವಿರದ ಆರುನೂರ ಹದಿನಾಲ್ಕು ಪುಸ್ತಕ, ಮುನ್ನೂರ ಹನ್ನೆರಡು ಓದುಗರು, ದಿನಕ್ಕೆ ಎಪ್ಪತ್ತೆಂಬತ್ತು ಪುಸ್ತಕಗಳ ಓಡಾಟ. ಹನ್ನೊಂದು ವರ್ಷದಲ್ಲಿ ಕಳೆದುಹೋದದ್ದು ನಾಲ್ಕೇ. ಎರಡನ್ನು ಹರಿಪುರದ ಓದುಗರೊಬ್ಬರ ಮನೆಯಿಂದ ಹೊಳೆ ಒಯ್ದಿತು, ಒಂದನ್ನು ಆಡು ತಿಂದಿತು, ನಾಲ್ಕನೆಯದು ದೊಡ್ಡ ಅಧಿಕಾರಿಯೊಬ್ಬರ ಮನೆಯಲ್ಲಿದೆ, ಹೋಗಿ ಕೇಳುವವರಾರು.

ಮಿರಜ, ಸಾಂಗಲಿಗಳಂಥ ಈ ಕಡೆಯ ಸಂಸ್ಥಾನಗಳ ನಲವತ್ತೊಂದು ವಾಚನಾಲಯಗಳಿಗೆ ಒಂದು ಗ್ರಂಥಪಾಲರ ಸಂಘವಿದೆ. ಮೂರು ವರ್ಷದ ಹಿಂದೆ ಆ ಸಂಘ ಕಾಡಪ್ಪನವರ ಉಪಾಯಕ್ಕೆ ‘ಮಿರಜ ಪದ್ಧತಿ’ ಎಂದು ಹೆಸರಿಟ್ಟು ಪುಸ್ತಿಕೆ ಅಚ್ಚು ಹಾಕಿಸಿತು. ಪುಸ್ತಿಕೆಯಲ್ಲಿ ಎಲ್ಲವೂ ಇದೆ, ಕಾಡಪ್ಪನವರ ಹೆಸರೊಂದಿಲ್ಲ. ಹೋದ ವರ್ಷ ಪುಸ್ತಿಕೆಯನ್ನಷ್ಟೇ ಓದಿ ಇದೇ ಪುರವಣಿಯಲ್ಲಿ ನಾನೂ ಆ ಪದ್ಧತಿಯನ್ನು ಹೊಗಳಿ ಅರ್ಧ ಅಂಕಣ ತುಂಬಿಸಿದ್ದೆ. ‘ಏನು ಶಾಂತತೆ, ಏನು ಶಿಸ್ತು’ ಎಂದು ಬರೆದಿದ್ದೆ. ಆ ಶಾಂತತೆ ಎಲ್ಲಿಂದ ಬಂತೆಂದು ವಿಚಾರಿಸಲಿಲ್ಲ. ಇವತ್ತು ಆ ಕಿಟಕಿಯ ಮುಂದೆ ನಿಂತು ನನಗೆ ನಾಚಿಕೆಯಾಯಿತು.

ಇಷ್ಟು ಮಾಡಿದವರಿಗೆ ಏನು ಬೇಕು ಎಂದು ಕೇಳಿದೆ. ದಬ್ಬಳವನ್ನು ರಟ್ಟಿಗೆ ಚುಚ್ಚಿಟ್ಟು ಹೇಳಿದರು: “ಈ ಕಪಾಟಿನಾಗಿನ ಪುಸ್ತಕ ಬಹುತೇಕ ಓದೇನ್ರಿ. ಹನ್ನೊಂದು ವರ್ಷ ಆತು, ‘ಕಾಡಪ್ಪಾ, ಯಾವ್ದು ಓದಲಿ’ ಅಂತ ಒಬ್ಬರೂ ಕೇಳಿಲ್ಲ. ಚೀಟಿ ಬರತೈತಿ, ಪುಸ್ತಕ ಹೋಗತೈತಿ. ಈಗ ನೋಡ್ರಿ, ಅನುಸೂಯಾಬಾಯಿ ಅವ್ವಾರು ಅದಾರ, ಮಹಾಲಿಂಗಪ್ಪ ಸಾವಕಾರರ ಮಾವಶಿ, ಅಂದ್ರ ಅವರವ್ವನ ತಂಗಿ. ಯಾರನ್ನ ಕೇಳಬೇಕು ತಿಳೀದs ಯಾದಿ ಹಿಡಕೊಂಡು ನಂಬರ ಪರಕಾರ ಓದಾಕ ಹತ್ಯಾರ. ಐದನೂರಾ ತೊಂಬತ್ತು ಆದ ಮ್ಯಾಲೆ ಐದನೂರಾ ತೊಂಬತ್ತೊಂದು. ಪಾಪ, ಗೊಬ್ಬರ ಮಾಡೂ ಪುಸ್ತಕ ಎರಡ ವಾರ ಇಟಗೊಂಡಿದ್ರು. ರೇಲ್ವೆ ಕಾಯ್ದೆ ಒಂದ ತಿಂಗಳ. ನನಗ ಗೊತ್ತೈತಿ ಅವರಿಗೆ ಯಾವ್ದು ಕೊಡಬೇಕು ಅಂತ. ಹೇಳೂದ ಹೆಂಗ?”

ಹೇಳುವ ದಾರಿ ಹುಡುಕಲು ಅವರಿಗೆ ಆರು ವರ್ಷ ಹಿಡಿದಿದೆ. ಆರು ವರ್ಷದ ಹಿಂದೆ ಮಹಾಲಿಂಗಪ್ಪನವರ ಮುಂದೆ ನಿಂತು, ಹಲಗೆ ತೆಗೆಸಿರಿ ಎಂದು ಕೇಳಿದರು. ಅವರು ನಕ್ಕು, “ಸಂಘದವರು ನಿನ್ನ ಗ್ರಂಥಪಾಲ ಅಂದ ದಿವಸ ತೆಗಸ್ತೇನಿ ತಗೊ” ಅಂದರು. ಆಗದ ಮಾತೆಂದೇ ಅಂದದ್ದು. ಸಂಘದ ಕಾಯ್ದೆಯ ಪ್ರಕಾರ ಹಜೇರಿಯಲ್ಲಿ ‘ಗ್ರಂಥಪಾಲ’ ಎಂದಿದ್ದವರು, ಅಂಥವರಿಲ್ಲದ ಕಡೆ ಕಮಿಟಿಯ ಅಧ್ಯಕ್ಷರು ಮಾತ್ರ ಸಭಾಸದರು. ಕಾಡಪ್ಪನವರು ಮೂರು ಸಲ ಅರ್ಜಿ ಹಾಕಿದರು, ಮೂರು ಸಲವೂ ‘ಜವಾನರಿಗೆ ಪ್ರವೇಶವಿಲ್ಲ’ ಎಂಬ ಉತ್ತರ ಬಂತು.

ನಾನಾಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದೆ. ಇವರು ಉಳಿದ ನಲವತ್ತು ವಾಚನಾಲಯಗಳಿಗೆ ನಲವತ್ತು ಕಾರ್ಡು ಬರೆದರು. ಕೇಳಿದ್ದು ಎರಡೇ ಪ್ರಶ್ನೆ: ನಿಮ್ಮಲ್ಲಿ ಪುಸ್ತಕ ಕೊಡುವವರು ಯಾರು, ಹಜೇರಿಯಲ್ಲಿ ಅವರ ಹೆಸರಿನ ಮುಂದೆ ಏನು ಬರೆದಿದೆ. ಇಪ್ಪತ್ತೊಂಬತ್ತು ಉತ್ತರ ಬಂದವು. ಹದಿನೇಳು ಕಡೆ ಕಪಾಟಿನ ಕೀಲಿ ಇರುವುದು ಜವಾನ, ಝಾಡೂವಾಲಾ, ಪಹರೆಯವನ ಕೈಯಲ್ಲಿ. ಆ ಹದಿನೇಳರಲ್ಲಿ ಹನ್ನೊಂದು ಜನ ಇವರಂತೆಯೇ ಕೇರಿಯವರು. “ನಾ ಒಬ್ಬಾಂವs ಅಂತ ತಿಳದಿದ್ದೆ,” ಎನ್ನುತ್ತಾರೆ ಕಾಡಪ್ಪನವರು. “ಹನ್ನೆರಡ ಮಂದಿ ಅದೇವಿ ಅಂತ ಗೊತ್ತಾದ ಮ್ಯಾಲೆ ಸುಮ್ಮನ ಕುಂದ್ರಾಕ ಹೆಂಗ ಬರತೈತ್ರಿ?” ಆ ಕಾರ್ಡುಗಳ ಕಟ್ಟು ನೋಡಿದ ಬುಧಗಾಂವದ ಗ್ರಂಥಪಾಲ ಶಿವಲಿಂಗಪ್ಪನವರು ಸಂಘದ ವಾರ್ಷಿಕ ಸಭೆಯಲ್ಲಿ ತಾವೇ ಠರಾವು ಮಂಡಿಸಲು ಒಪ್ಪಿದರು: ಪುಸ್ತಕ ಕೊಡುವವರು, ಯಾದಿ ಬರೆಯುವವರು ಗ್ರಂಥಪಾಲರೇ, ಹಜೇರಿಯಲ್ಲಿ ಏನೇ ಇರಲಿ.

ಆ ಸಭೆ ಇವತ್ತೇ, ಈ ಭಾನುವಾರ, ಸಾಂಗಲಿಯಲ್ಲಿ. ಬೆಳಗಿನ ಒಂಬತ್ತಕ್ಕೆ ವಾಚನಾಲಯ ಮುಚ್ಚಿದ ಕೂಡಲೇ ಕಾಡಪ್ಪನವರು ಕಿಟಕಿಯ ಹಲಗೆಯನ್ನು ಬಿಚ್ಚುತ್ತಾರೆ. ಹೆಂಡತಿ ತಂಗೆವ್ವ ಅದನ್ನು ಗೋಣಿಯಲ್ಲಿ ಸುತ್ತಿ ಹಗ್ಗ ಬಿಗಿಯುತ್ತಾರೆ. ಪದ್ಧತಿಯನ್ನು ಮಾಡಿ ತೋರಿಸಲು ಸಂಘದವರು ಕರೆದಿದ್ದಾರೆ. ಅಷ್ಟು ಭಾರ ಯಾಕೆ ಹೊರುತ್ತೀರಿ, ಅಲ್ಲಿ ಮೇಜು ಇರುವುದಿಲ್ಲವೇ ಎಂದೆ. ತಂಗೆವ್ವನವರೇ ಉತ್ತರ ಕೊಟ್ಟರು: “ಇದನ್ನ ಬಿಟ್ಟ ಹೋದ್ರ ಅರ್ಧಾ ತೋರಿಸಿದಂಗ ಆಗತೈತ್ರಿ.”

ಮಿರಜದಿಂದ ಸಾಂಗಲಿಗೆ ಗಾಡಿಯಲ್ಲಿ ಬಹಳ ಹೊತ್ತಿಲ್ಲ. ಅಲ್ಲಿಯವರೆಗೂ ಕಾಡಪ್ಪನವರು ಹಲಗೆಯನ್ನು ತೊಡೆಗೆ ಒರಗಿಸಿಕೊಂಡು ಕೂತಿದ್ದರು. ಸಭೆಯಲ್ಲಿ ಅವರಿಗೆ ಕುರ್ಚಿಯಿಲ್ಲ, ಸಭಾಸದರಲ್ಲವಲ್ಲ. ಕರೆ ಬರುವವರೆಗೆ ಪಡಸಾಲೆಯಲ್ಲಿ ನಿಂತರು. ನಾನೂ ಅಲ್ಲಿಯೇ ನಿಂತೆ, ಬಿಸಿಲಿನ ಝಳಕ್ಕೆ ನನ್ನ ತಲೆ ಕಾದುಹೋಯಿತು, ಅವರು ಮಾತ್ರ ಬೆವರು ಸಹ ಒರೆಸಿಕೊಳ್ಳಲಿಲ್ಲ.

ಒಳಗೆ ಹೋದವರೇ ಎರಡು ಮೇಜುಗಳ ನಡುವೆ ಹಲಗೆ ಇಟ್ಟು, ಚೀಟಿ ತೆಗೆದುಕೊಂಡು, ಪುಸ್ತಕ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ತೋರಿಸಿದರು. ಚಪ್ಪಾಳೆ ಬಿತ್ತು. ಸಂಘದ ಅಧ್ಯಕ್ಷ ಬಾಳಾಸಾಹೇಬರು ಓದಿಕೊಂಡವರು, ಸಜ್ಜನರು. ಅವರು ಮರಾಠಿಯಲ್ಲಿ, “ಅಮೆರಿಕೆಯ ವಾಚನಾಲಯಗಳಲ್ಲೂ ಚೀಟಿಯ ಪದ್ಧತಿ ಇದೆಯೆಂದು ಓದಿದ್ದೇನೆ, ನಮ್ಮದು ಅವರಿಗಿಂತ ಕಡಿಮೆಯಿಲ್ಲ” ಎಂದು ಮೆಚ್ಚಿದರು. ಕಾಡಪ್ಪನವರು ಮರಾಠಿಯಲ್ಲೇ ಕೇಳಿದರು, “ಅಲ್ಲಿಯೂ ಹಲಗೆ ಇದೆಯೇ, ಸಾಹೇಬ?”

ಬಾಳಾಸಾಹೇಬರಿಗೆ ಪ್ರಶ್ನೆ ತಿಳಿಯಲಿಲ್ಲ. ಕಾಡಪ್ಪನವರು ತಿಳಿಸಿ ಹೇಳಿದರು: ನನ್ನ ಕೈಯಿಂದ ಯಾರೂ ಪುಸ್ತಕ ತೆಗೆದುಕೊಳ್ಳಬಾರದೆಂದು ಈ ಹಲಗೆ ಬಂತು. ಹಲಗೆ ಬಂದದ್ದಕ್ಕೆ ಮಾತು ನಿಂತಿತು. ಮಾತು ನಿಂತದ್ದಕ್ಕೆ ಚೀಟಿ ಮಾಡಿದೆ. ನೀವು ಅಚ್ಚು ಹಾಕಿಸಿದ ಪದ್ಧತಿ ಇದೇ. ಇದರಲ್ಲಿ ಒಂದು ದೋಷವಿದೆ, ಓದುಗ ನನ್ನನ್ನು ಏನೂ ಕೇಳಲಾರ. ಏನನ್ನೂ ಕೇಳಿಸಿಕೊಳ್ಳದವನು ಜವಾನನೇ ಸರಿ. ಕೇಳಿಸಿಕೊಳ್ಳಲು ಬಿಟ್ಟರೆ ನಾನು ಗ್ರಂಥಪಾಲ. ಇಷ್ಟು ಹೇಳಿ ಇಪ್ಪತ್ತೊಂಬತ್ತು ಕಾರ್ಡುಗಳ ಕಟ್ಟನ್ನು ಹಲಗೆಯ ಮೇಲಿಟ್ಟರು. ಈ ಸಲ ಹಿಂದೆ ಸರಿಯಲಿಲ್ಲ.

ಶಿವಲಿಂಗಪ್ಪನವರು ಠರಾವು ಮಂಡಿಸಿದರು. ಕಾಯ್ದೆ ಬದಲಿಸಲು ಹಾಜರಿದ್ದ ಮೂವತ್ತಾರು ಜನರಲ್ಲಿ ಹತ್ತೊಂಬತ್ತು ಕೈ ಏಳಬೇಕು. ಎಣಿಸಿದಾಗ ಹದಿನೆಂಟು. ಮಿರಜದ ಪ್ರತಿನಿಧಿಯಾಗಿ ಮುಂದಿನ ಸಾಲಿನಲ್ಲಿದ್ದ ಮಹಾಲಿಂಗಪ್ಪನವರು ರುಮಾಲು ಸರಿಮಾಡಿಕೊಳ್ಳುತ್ತ ಕೂತಿದ್ದರು. ಬಾಳಾಸಾಹೇಬರು ಮತ್ತೊಮ್ಮೆ ಎಣಿಸಿದರು. ಆಗ ಮಹಾಲಿಂಗಪ್ಪನವರ ಕೈ ಎದ್ದಿತು, ಯಾರ ಮೋರೆಯನ್ನೂ ನೋಡದೆ. ಯಾಕೆ ಎತ್ತಿದಿರಿ ಎಂದು ಆಮೇಲೆ ಕೇಳಿದ್ದಕ್ಕೆ, “ಆ ಹಲಗಿ ನನ್ನ ಅಂಗಡೀದು. ಅದರ ಕತಿ ಅಷ್ಟ ಮಂದ್ಯಾಗ ಕೇಳಿ ಕೈ ಎತ್ತದ ಕುಂತ್ರ ನಾಳಿ ಆ ಕಿಟಕಿಗೆ ಯಾವ ಮಾರಿ ತಗೊಂಡ ಹೋಗ್ಲಿ?” ಎಂದು ನನ್ನ ಮೇಲೆಯೇ ಸಿಡುಕಿದರು.

ಸೋಮವಾರ ಬೆಳಿಗ್ಗೆ ನಾನು ಮತ್ತೆ ಅದೇ ಕಿಟಕಿಯ ಮುಂದೆ ಇದ್ದೇನೆ. ಕಿಟಕಿ ಬಯಲಾಗಿದೆ. ಹಲಗೆಯನ್ನು ಕಾಡಪ್ಪನವರು ಒಳಗಿನ ಗೋಡೆಗೆ ಜಡಿದು ಹೊಸ ಪುಸ್ತಕ ಜೋಡಿಸಿದ್ದಾರೆ. “ಚಲೋ ಸಾಗವಾನಿ ಐತ್ರಿ, ಅದರ ತಪ್ಪೇನೈತಿ,” ಎನ್ನುತ್ತಾರೆ. ಮಾತು ಕೊಟ್ಟ ಮಹಾಲಿಂಗಪ್ಪನವರು ಪಕ್ಕದ ಬೆಂಚಿನ ಮೇಲೆ ಪೇಪರು ಹಿಡಿದು ಕೂತಿದ್ದಾರೆ, ಒಂದೇ ಪುಟವನ್ನು ಬಹಳ ಹೊತ್ತಿನಿಂದ ಓದುತ್ತಿದ್ದಾರೆ.

ಮೊದಲು ಬಂದ ವ್ಯಾಪಾರಿ ಚೀಟಿ ಇಡಲು ಹಲಗೆ ಹುಡುಕಿ, ಸಿಗದೆ, ಒಳಗಿನಿಂದ ಚಾಚಿದ ಕಾಡಪ್ಪನವರ ಕೈಯನ್ನು ನೋಡಿ ತಿರುಗಿ ಹೋದ. ಎರಡನೆಯವನು, ಮೂರನೆಯವನು ಹಾಗೆಯೇ. ನಾಲ್ಕನೆಯವನು “ಹಲಗಿ ಎಲ್ಲೈತಿ” ಎಂದು ಜೋರು ಮಾಡಿ ಹೋದ. ಮಹಾಲಿಂಗಪ್ಪನವರು ಪೇಪರು ಮಡಚಿದರು.

“ಕಾಡಪ್ಪಾ, ಎಂಟ ದಿನ ನೋಡೂಣು. ಮಂದಿ ಬರೂದ ನಿಂತ್ರ ಮತ್ತ ಹಾಕಬೇಕಾಗತೈತಿ.”

“ಎಂಟ ದಿನ ಅಲ್ಲ, ಎಂಟ ವರ್ಷ ನೋಡ್ರಿ ಸಾವಕಾರ್ರ. ನಾ ಇಲ್ಲೇ ನಿಂತಿರತೇನಿ.” ಚಾಚಿದ ಕೈಯನ್ನು ಅವರು ಹಿಂದಕ್ಕೆ ತೆಗೆಯಲಿಲ್ಲ.

ಗುಡಿಯ ಗಂಟೆಯಾದ ಮೇಲೆ ಅನುಸೂಯಾಬಾಯಿ ಬಂದರು. ಅರವತ್ತು ದಾಟಿದ ವಿಧವೆ, ಹಣೆಯ ತುಂಬ ವಿಭೂತಿ, ಸೆರಗಿನಡಿ ಹಳೆಯ ಪುಸ್ತಕ. ಮಾವಶಿಯನ್ನು ಕಂಡು ಮಹಾಲಿಂಗಪ್ಪನವರು ಎದ್ದು ನಿಂತರು. ಆಕೆ ಅವರ ಕಡೆ ನೋಡಲಿಲ್ಲ. ಹಲಗೆ ಇದ್ದ ಜಾಗವನ್ನು ಒಂದು ಕ್ಷಣ ನೋಡಿದರು. ಹಳೆಯ ಪುಸ್ತಕವನ್ನು ಕಾಡಪ್ಪನವರ ಕೈಯಲ್ಲಿಟ್ಟರು.

“ಇವತ್ತ ಚೀಟಿ ಬರದಿಲ್ಲಪಾ,” ಎಂದರು. ಹನ್ನೊಂದು ವರ್ಷದಲ್ಲಿ ಕಾಡಪ್ಪನವರು ಆ ದನಿ ಕೇಳಿದ್ದು ಇದೇ ಮೊದಲು. “ನಂಬರ ಹಿಡಕೊಂಡು ಓದಿ ಬ್ಯಾಸರ ಆಗೇತಿ. ನೀ ಎಲ್ಲಾ ಓದೀಯಂತ. ನನಗ ಯಾವ್ದು ಓದಲಿ ಹೇಳು.”

ಕಾಡಪ್ಪನವರ ಕಣ್ಣು ತುಂಬಿ ಬಂದವು. ಹಳೆಯ ಪುಸ್ತಕವನ್ನು ಪಕ್ಕಕ್ಕಿಟ್ಟು ಕೇಳಿದರು, “ಅಳೂದು ಬೇಕೋ ಅವ್ವಾರ, ನಗೂದು ಬೇಕೋ?”

“ಅತ್ತಿದ್ದು ಸಾಕಾಗೇತಿ. ನಗೂದು ಕೊಡು. ಮತ್ತ ಗೊಬ್ಬರದ್ದೊಂದು ಬ್ಯಾಡ.”

ಅವರು ಯಾದಿ ನೋಡಲಿಲ್ಲ. ಸೀದಾ ಮೂರನೆಯ ಕಪಾಟಿಗೆ ಹೋಗಿ, ಕೆಳಗಿನ ಸಾಲಿನಿಂದ ತಾವೇ ಹೊಲಿಗೆ ಹಾಕಿದ ಒಂದು ತೆಳ್ಳನೆಯ ಪುಸ್ತಕ ತೆಗೆದು, ಹೊದಿಕೆಯ ಧೂಳನ್ನು ಧೋತರದ ಚುಂಗಿನಿಂದ ಒರೆಸಿ ತಂದರು. ಅನುಸೂಯಾಬಾಯಿ ಕೈ ಚಾಚಿ ತೆಗೆದುಕೊಂಡು, ಅಲ್ಲೇ ಮೆಟ್ಟಿಲ ಮೇಲೆ ಕೂತು ಮೊದಲನೆಯ ಪುಟ ತೆರೆದರು. ಮಹಾಲಿಂಗಪ್ಪನವರು ಮಾವಶಿಗೆ ಬಿಸಿಲು ಬೀಳದಂತೆ ಅಡ್ಡ ನಿಂತರು.

ಊರಿಗೆ ಹೊರಟ ನನ್ನನ್ನು ಕಾಡಪ್ಪನವರು ಬಾಗಿಲವರೆಗೆ ಕಳಿಸಲು ಬಂದರು. ಮೆಟ್ಟಿಲ ಮೇಲೆ ಮುದುಕಿ ಒಬ್ಬರೇ ನಗುವುದು ಕೇಳುತ್ತಿತ್ತು. “ಆ ಪುಸ್ತಕ ಅವರಿಗೇ ಅಂತ ಆರ ವರ್ಷದಿಂದ ಮನಸಿನಾಗ ತಗದ ಇಟ್ಟಿದ್ದೆ ನೋಡ್ರಿ,” ಎಂದರು.