ಅಲೀಮಾ ಒಪ್ಪಿದ ಗೆರೆಗಳು

ಇಳಕಲ್ಲಿನಿಂದ ಹುನಗುಂದದ ಕಡೆ ಹೋಗುವ ರಸ್ತೆಯ ಗ್ರಾನೈಟ್ ಕಾರ್ಖಾನೆಯೊಂದರಲ್ಲಿ ಅಲೀಮಾ ಆರು ವರ್ಷದಿಂದ ಚಪ್ಪಡಿಗಳ ಉದ್ದಗಲ ಬರೆದುಕೊಳ್ಳುತ್ತಿದ್ದಳು. ಮೂವತ್ತೊಂದರ ವಯಸ್ಸಿನಲ್ಲಿ ಆಕೆಗೆ ಮೊದಲ ಸಲ ಹೆಸರು ಬಂದದ್ದು ಒಂದು ಕ್ಯಾಮೆರಾದಿಂದ. ಆ ಹೆಸರು ನೆನೆದರೆ ಇವತ್ತಿಗೂ ಆಕೆಯ ಕಿವಿ ಬಿಸಿಯಾಗುತ್ತದೆ.

ಕ್ಯಾಮೆರಾ ಪಾಲಿಶ್ ಆದ ಚಪ್ಪಡಿಯ ಫೋಟೋ ತೆಗೆಯುತ್ತಿತ್ತು. ಅದರ ಹಿಂದಿನ ಕಂಪ್ಯೂಟರು ಬಿರುಕು ಇದ್ದಷ್ಟೂ ಜಾಗಕ್ಕೆ ಹಳದಿ ಬಣ್ಣ ತುಂಬಿ ತೋರಿಸುತ್ತಿತ್ತು. ಎಲ್ಲೋ ದೂರದ ಊರಿನ ಬೂದು ಕಲ್ಲುಗಳನ್ನು ಸಾವಿರಾರು ಸಲ ನೋಡಿ ಕಲಿತ ಯಂತ್ರ ಅದು. ಇಲ್ಲಿಯ ಕೆಂಪು ಕಲ್ಲು ಎದುರಿಗೆ ಬಂದದ್ದೇ ತಡ, ದಿಕ್ಕು ತಪ್ಪಿತು. ಕಲ್ಲಿನ ಹುಟ್ಟುಗುಣವಾದ ಬಿಳಿ ಎಳೆಗಳನ್ನೆಲ್ಲ ಬಿರುಕೆಂದು ಬಳಿಯಿತು. ಕೂದಲಿನಷ್ಟು ಸಣ್ಣ ನಿಜವಾದ ಸೀಳುಗಳನ್ನು ಸುಮ್ಮನೆ ಬಿಟ್ಟಿತು.

"ಅದರದೇನೂ ತಪ್ಪಿಲ್ಲ, ನಮ್ಮ ಕಲ್ಲು ಅದು ನೋಡೇ ಇಲ್ಲ," ಎಂದು ಇಂಜಿನಿಯರ್ ಶಿವಪ್ರಕಾಶ ಅಲೀಮಾಳಿಗೆ ಹೇಳಿದ. "ಸಾವಿರದ ಆರನೂರು ಫೋಟೋ ಅದಾವ. ಒಂದೊಂದರಾಗೂ ಸೀಳು ಯಾವುದು, ಎಳಿ ಯಾವುದು ಅಂತ ಗೆರಿ ಹೊಡದು ಕಲಿಸಬೇಕು. ಅಮಾತೆಪ್ಪನ್ನ ಬಾಜೂಕ ಕೂಡಿಸ್ಕೋರಿ."

ಗುಡೂರಿನ ಅಮಾತೆಪ್ಪ ಇಪ್ಪತ್ತೆಂಟು ವರ್ಷ ಚಪ್ಪಡಿ ಪರೀಕ್ಷೆ ಮಾಡಿದವನು. ಕಲ್ಲಿನ ಮೇಲೆ ನೀರು ಚೆಲ್ಲಿ ಒರೆಸಿ ಕಾಯುತ್ತಿದ್ದ. ಉಳಿದ ಮೈ ಒಣಗಿದರೂ ಸೀಳಿದ್ದಲ್ಲಿ ಗೆರೆ ಹಸಿಯಾಗಿಯೇ ಇರುತ್ತಿತ್ತು. ಫೋಟೋ ನೋಡಿ ಅನುಮಾನ ಬಂದರೆ ಅಂಗಳಕ್ಕೆ ನಡೆದು, ಅದೇ ನಂಬರಿನ ಚಪ್ಪಡಿಗೆ ನೀರು ಹಾಕಿ ನೋಡಿ ಬಂದೇ ಬಾಯಿ ಬಿಡುತ್ತಿದ್ದ. ಹೀಗೆ ನಾನೂರು ಫೋಟೋ ಮುಗಿಯುವುದಕ್ಕೆ ಐದು ವಾರ ಹಿಡಿಯಿತು.

ಆ ನಾನೂರನ್ನು ಕಲಿತ ಯಂತ್ರ ಉಳಿದ ಸಾವಿರದ ಇನ್ನೂರು ಫೋಟೋಗಳ ಮೇಲೆ ತಾನೇ ಗೆರೆ ಹಾಕಿ ಕೊಟ್ಟಿತು. ಅವನ್ನು ಒಂದೊಂದಾಗಿ ನೋಡಿ, ತಪ್ಪಿದ್ದರೆ ತಿದ್ದಿ 'ಒಪ್ಪಿಗೆ' ಒತ್ತುವುದು ಅಲೀಮಾಳ ಕೆಲಸ. ಮೊದಲ ಮೂವತ್ತು ನೋಡಿದಳು, ಹೆಚ್ಚುಕಡಿಮೆ ಸರಿಯಿದ್ದವು.

"ಇನ್ನ ಸಾಕ್ರಿ ಕಾಕಾ, ಉಳಿದದ್ದು ನಾ ಮಾಡ್ತೇನಿ," ಎಂದು ಅಮಾತೆಪ್ಪನನ್ನು ಕಳಿಸಿದಳು. ಊಟದ ನಂತರ ಕೂತು ಒತ್ತಲು ಶುರುಮಾಡಿದವಳು ಸಂಜೆಯ ಬಸ್ಸಿನ ಹೊತ್ತಿಗೆ ಎಲ್ಲವನ್ನೂ ಒಪ್ಪಿ ಮುಗಿಸಿದ್ದಳು. ಅಲ್ಲಿಗೇ ನಿಲ್ಲಲಿಲ್ಲ. ಇಷ್ಟು ಬೇಗ ಮುಗಿಯಿತೆಂದರೆ ಯಾರಾದರೂ ಕೇಳಿಯಾರೆಂದು ಮೂರು ವಾರ ಮೌಸ್ ಅಲ್ಲಾಡಿಸುತ್ತ, ಹುಬ್ಬು ಗಂಟಿಕ್ಕಿಕೊಂಡು ಕೂತಳು.

ಯಂತ್ರವನ್ನು ಪರೀಕ್ಷಿಸಲು ಶಿವಪ್ರಕಾಶ ಆ ಸಾವಿರದ ಇನ್ನೂರರಲ್ಲೇ ನೂರು ಫೋಟೋ ತೆಗೆದಿಟ್ಟಿದ್ದ. ಯಂತ್ರ ತಾನೇ ಹಾಕಿದ ಗೆರೆಗೆ ತಾನೇ ತಾಳೆ ನೋಡಿಕೊಂಡಂತಾಯಿತು. ನೂರಕ್ಕೆ ತೊಂಬತ್ತೆಂಟು ಬಂತು! ಬಾಗಲಕೋಟೆಯಿಂದ ಮಾಲೀಕರು ಬಂದು ಅಲೀಮಾಳಿಗೆ ಶಾಲು ಹೊದಿಸಿದರು. ಆಕೆಯ ತಾಯಿ ಮೆಹರುನ್ನಿಸಾ ಶಾಲು ಹೊದಿಸಿದ ಫೋಟೋವನ್ನು ಓಣಿಯ ಮನೆಮನೆಗೂ ತೋರಿಸಿ ಬಂದಳು. ಇನ್ನು ಕಣ್ಣಿನ ಪರೀಕ್ಷೆ ಬೇಡವೆಂದು ಅಮಾತೆಪ್ಪನನ್ನು ಲಾರಿಗೆ ಕಲ್ಲು ಏರಿಸುವ ಕೆಲಸಕ್ಕೆ ಹಾಕಿದರು.

ಹದಿನೈದು ದಿನವಾಗಿರಬೇಕು. ಬಾದಾಮಿಯ ಹೋಟೆಲೊಂದಕ್ಕೆ ಹೊರಟಿದ್ದ, ಆ ಸಾವಿರದ ಇನ್ನೂರು ಫೋಟೋಗಳಲ್ಲಿದ್ದ ಒಂದು ಚಪ್ಪಡಿಯ ಮೇಲೆ ಅಮಾತೆಪ್ಪ ಕೈಯಾಡಿಸಿ, "ಇದರಾಗ ಸೀಳೈತಿ, ಎತ್ತಬ್ಯಾಡ್ರಿ," ಎಂದ. ಯಾರೂ ಕೇಳಲಿಲ್ಲ. ಎತ್ತಿದಾಗ ಅದು ನಡುವೆ ಎರಡಾಯಿತು. ಒಂದು ಹೋಳು ಅವನ ಎಡಗೈ ಜಜ್ಜಿತು.

ಶಿವಪ್ರಕಾಶ ಓಡಿಬಂದ. "ಮಷೀನ್ ಪಾಸ್ ಮಾಡಿದ ಕಲ್ಲಿದು. ಕೆಲಸ ಬದಲಿಸಿದ್ರು ಅಂತ ಸಿಟ್ಟೀಲೇ ಕೆಡವಿದಿ ಹೌದಲ್ಲ?"

ಅಮಾತೆಪ್ಪ ರಕ್ತದ ಕೈಯನ್ನು ಎದೆಗೆ ಒತ್ತಿಕೊಂಡೇ ಅಲೀಮಾಳ ಕಡೆ ತಿರುಗಿದ. "ತಂಗಿ, ಇದರ ಫೋಟೋ ನೀ ನೋಡೀದಿ. ಸೀಳಿತ್ತೋ ಇಲ್ಲೋ, ಹೇಳು."

ಹದಿನೇಳು ಮಂದಿ ಆಕೆಯನ್ನೇ ನೋಡುತ್ತಿದ್ದರು. ಆಕೆ ಆ ಫೋಟೋ ನೋಡಿರಲೇ ಇಲ್ಲ. "ನೋಡೇನ್ರಿ," ಎಂದಳು. "ಏನೂ ಇರಲಿಲ್ಲ."

ಅವನು ದವಾಖಾನೆಗೆ ನಡೆದ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ನಾಲ್ಕು ದಿನ ಅಲೀಮಾ ಆ ಚಪ್ಪಡಿಯ ಫೋಟೋದ ತಂಟೆಗೆ ಹೋಗಲಿಲ್ಲ. ಐದನೆಯ ದಿನ ತೆರೆದಳು. ಸೀಳು ಅಲ್ಲೇ ಇತ್ತು, ಮೂಲೆಯಿಂದ ನಡುವಿನವರೆಗೆ. ಕಂಡೂ ಕಾಣದ ಹಾಗೇನೂ ಇರಲಿಲ್ಲ; ನೋಡಿದ್ದರೆ ಸಣ್ಣ ಮಗುವಿಗೂ ಕಾಣುತ್ತಿತ್ತು. ಅದರ ಕೆಳಗೆ ಕಂಪ್ಯೂಟರು ಬರೆದಿಟ್ಟಿತ್ತು: ಒಪ್ಪಿದವರು ಅಲೀಮಾ, ನೋಡಿದ ಸಮಯ ಐದು ಸೆಕೆಂಡು.

ಶಿವಪ್ರಕಾಶನಿಗೆ ತೋರಿಸಿದಳು. ಅವನು ಬಾಗಿಲು ಹಾಕಿ ಬಂದ. "ತೊಂಬತ್ತೆಂಟು ಅಂತ ಎಲ್ಲಾರಿಗೂ ಹೇಳಿ ಕುಂತೇನಿ. ಸುಮ್ನ ಇರ್ರಿ, ಗುಟ್ಟಾಗಿ ತಿದ್ದೂಣು."

ಸುಮ್ಮನಿರುವುದು ಎಷ್ಟು ಸುಲಭವೆಂದು ಆಕೆಗೆ ಗೊತ್ತಿತ್ತು. ಅದೇ ಆಕೆಯನ್ನು ಹೆದರಿಸಿತು. ಶುಕ್ರವಾರ ಗುಡೂರಿಗೆ ಹೋದಳು. ಅಮಾತೆಪ್ಪನ ಹೆಂಡತಿ ಗುರುಸಿದ್ದವ್ವ ಏನೂ ಅರಿಯದೆ, "ಬಾರವ್ವ, ಬಿಸಿಲಾಗ ಬಂದಿ," ಎಂದು ಮಜ್ಜಿಗೆ ಕೊಟ್ಟಳು. ಅಲೀಮಾ ಅದನ್ನು ಕುಡಿದು ಲೋಟ ಕೆಳಗಿಟ್ಟಳು. ತಾನು ಮಾಡಿದ್ದನ್ನು ಒಂದೂ ಬಿಡದೆ ಹೇಳಿದಳು, ಮೂರು ವಾರದ ನಾಟಕವನ್ನೂ.

ಅಮಾತೆಪ್ಪ ಪಟ್ಟಿ ಕಟ್ಟಿದ ಕೈಯನ್ನು ನೋಡುತ್ತ ಕೂತಿದ್ದ. "ಕೆಲಸದಾಗ ಬ್ಯಾಸರಕಿ ಬರ್ತೈತಿ, ನನಗೂ ಬಂದೈತಿ. ಆದ್ರ ನಾ ನಿನ್ನ ಕೇಳಿದ್ದು ಹದಿನೇಳು ಮಂದಿ ಮುಂದ. ನನ್ನ ಮನಿಗೆ ಬಂದು ನನಗ ಹೇಳಿದ್ರ ಏನಾತು? ನನಗ ಗೊತ್ತೇ ಇತ್ತಲ್ಲ."

ಗುರುಸಿದ್ದವ್ವ ಖಾಲಿ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಶನಿವಾರ ಮುಂಜಾನೆ ಹಾಜರಿಯ ಹೊತ್ತಿಗೆ ಅಲೀಮಾ ಅಂಗಳದಲ್ಲಿ ನಿಂತಳು. "ನಾ ಆ ಫೋಟೋ ನೋಡಿರಲಿಲ್ಲ. ಸಾವಿರದ ಇನ್ನೂರರಾಗ ಮೂವತ್ತಷ್ಟೇ ನೋಡೇನಿ. ಅಮಾತೆಪ್ಪ ಖರೇ ಹೇಳಿದ್ದ, ನಾ ಸುಳ್ಳು ಹೇಳಿದ್ನಿ." ಯಾರೋ ನಕ್ಕರು. ಹೆಚ್ಚಿನವರು ನೆಲ ನೋಡಿದರು. ಅದೇ ಹೆಚ್ಚು ಕಷ್ಟವಾಯಿತು. ಓಣಿಗೂ ಸುದ್ದಿ ಹೋಯಿತು. ಮೆಹರುನ್ನಿಸಾ ಒಂದು ವಾರ ನೀರು ತರಲು ಹೊತ್ತು ಮುಳುಗಿದ ಮೇಲೆ ಹೋದಳು.

ಮಾಲೀಕರು ಆಕೆಯನ್ನು ತೆಗೆಯಲಿಲ್ಲ. ಆ ಗೆರೆಗಳನ್ನೆಲ್ಲ ಅಳಿಸಿ ಮೊದಲಿಂದ ಮಾಡಲು ಹೇಳಿದರು, ಅಮಾತೆಪ್ಪನನ್ನು ಕರೆಸಿ ಮತ್ತೆ ಚಪ್ಪಡಿ ಪರೀಕ್ಷೆಯ ಕೆಲಸಕ್ಕೆ ಹಾಕಿದರು. ಏಳು ತಿಂಗಳು ಹಿಡಿಯಿತು. ಈ ಸಲ ಪರೀಕ್ಷೆಯ ನೂರು ಚಪ್ಪಡಿಗಳನ್ನು ಅಮಾತೆಪ್ಪ ತಾನೇ ಬೇರೆ ಆರಿಸಿ, ನೀರು ಹಾಕಿ ನೋಡಿ, ಯಂತ್ರಕ್ಕೆ ತೋರಿಸದೆ ಇಟ್ಟಿದ್ದ. ಎಂಬತ್ತೊಂಬತ್ತು ಬಂತು. ಯಾರೂ ಶಾಲು ತರಲಿಲ್ಲ.

ಅಮಾತೆಪ್ಪನ ಎಡಗೈಯ ಎರಡು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಅವನು ಆಕೆಯ ಪಕ್ಕ ಕೂತು "ಸೀಳು", "ಎಳಿ" ಎಂದು ಹೇಳುತ್ತಾನೆ, ಆಕೆ ಗೆರೆ ಎಳೆಯುತ್ತಾಳೆ. ಮಧ್ಯಾಹ್ನ ಬುತ್ತಿ ಬಿಚ್ಚಲು ಅವನು ಲಾರಿಯವರ ಜೊತೆ ಹೋಗುತ್ತಾನೆ. ತನ್ನ ಜೊತೆ ಊಟಕ್ಕೆ ಬರ್ರಿ ಅಂತ ಕರೆಯುವ ಧೈರ್ಯ ಅಲೀಮಾಳಿಗೆ ಇನ್ನೂ ಬಂದಿಲ್ಲ.