ಹದಿನೈದು ನಿಮಿಷ ಮುಂದಿದ್ದ ಗಡಿಯಾರ

ಕೊಡಗಿನ ಅಮ್ಮತ್ತಿಯ ಆಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ಯಮುನಾ ರೈಟರ್, ಅಂದರೆ ಗುಮಾಸ್ತೆ. ಕೂಲಿಯವರು ಇರುವ ಅಲ್ಲಿನ ಲೈನ್‌ಮನೆಯಲ್ಲಿ ಹುಟ್ಟಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು ಅವಳೊಬ್ಬಳೇ. ಹಾಗಾಗಿ ಹಾಜರಿ ಹಾಕುವುದರ ಜೊತೆಗೆ ಆನೆ ಬಂದರೆ ಕೂಗುವ ಸೈರನ್ನಿನ ಜಾವಾ ಸರ್ವರ್ ನೋಡಿಕೊಳ್ಳುವ ಕೆಲಸವೂ ಅವಳ ತಲೆಗೇ ಬಿತ್ತು. ಗುಡ್ಡದ ಮೇಲಿನ ಕಾವಲುಗಾರ ಚಿನ್ನ ಆನೆ ಕಂಡೊಡನೆ ಕೈಯಲ್ಲಿನ ಯಂತ್ರದ ಗುಂಡಿ ಒತ್ತುತ್ತಾನೆ. ಆ ಮೆಸೇಜ್ ಆಫೀಸಿನ ಸರ್ವರಿಗೆ ಬಂದು, ಅಲ್ಲಿಂದ ತೋಟದ ಸೈರನ್ನಿಗೆ ಹೋಗುತ್ತದೆ. ಫೋನ್ ಸಿಗದ ತಗ್ಗಿನಲ್ಲಿ ಕಾಫಿ ಹಣ್ಣು ಕೊಯ್ಯುವವರಿಗೆ ಅದೊಂದೇ ದಿಕ್ಕು.

ಆ ಗುರುವಾರ ಬೆಳಿಗ್ಗೆ ಚಿನ್ನನೇ ಫೋನ್ ಮಾಡಿದ. "ಅಕ್ಕಾ, ಮೂರು ಆನೆ, ಒಂದು ಮರಿ. ತಗ್ಗಿಗೇ ಇಳೀತಾ ಅವೆ. ಒತ್ತಿ ಒತ್ತಿ ಸಾಕಾಯ್ತು, ಸೈರನ್ ಕೂಗ್ತಿಲ್ಲ."

ತಗ್ಗಿನಲ್ಲಿ ಹದಿನೆಂಟು ಜನರಿದ್ದರು. ಅವರಲ್ಲೊಬ್ಬಳು ಮಾದಿ, ಯಮುನಾಳ ಅವ್ವ. ಓಡಿದರೂ ಅರ್ಧ ಗಂಟೆಯ ದಾರಿ. ಜೀಪನ್ನು ಮ್ಯಾನೇಜರ್ ವಿರಾಜಪೇಟೆಗೆ ಒಯ್ದಿದ್ದರು.

ಯಮುನಾ ಕಂಪ್ಯೂಟರಿನ ಮುಂದೆ ಕೂತಳು. ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದಳು. ಸೈರನ್ನಿನ ಸಂಪರ್ಕ ಸರಿಯಿತ್ತು. ಚಿನ್ನನ ಮೆಸೇಜುಗಳೂ ಬರುತ್ತಿದ್ದವು, ಆದರೆ ಬಂದ ಗಳಿಗೆಯಲ್ಲೇ ಕಾಣೆಯಾಗುತ್ತಿದ್ದವು. ಸರ್ವರ್ ತಿರಸ್ಕರಿಸಿದ ಸತ್ತ ಮೆಸೇಜುಗಳ ರಾಶಿಯನ್ನು ತೆರೆದರೆ ಚಿನ್ನ ಕಳಿಸಿದ ಹನ್ನೊಂದೂ ಅಲ್ಲಿ ಬಿದ್ದಿದ್ದವು. ಎಲ್ಲದರ ಮೇಲೂ ಒಂದೇ ಷರಾ: ಅವಧಿ ಮುಗಿದಿದೆ. ಹಳೆಯ ಸುದ್ದಿಗೆ ಸೈರನ್ ಕೂಗಿ ಜನ ಸುಮ್ಮನೆ ಓಡಬಾರದೆಂದು ಪ್ರತಿ ಮೆಸೇಜಿಗೂ ಹತ್ತೇ ನಿಮಿಷದ ಆಯುಸ್ಸು. ಆದರೆ ಈಗಷ್ಟೇ ಒತ್ತಿದ್ದು ಹಳೆಯದಾಗುವುದು ಹೇಗೆ? ಕೊನೆಯ ಮೆಸೇಜಿನ ಮೇಲೆ ಚಿನ್ನನ ಯಂತ್ರ ಹಾಕಿದ ಸಮಯ ಎಂಟೂ ಐದು. ಸರ್ವರಿನಲ್ಲಿ ಎಂಟೂ ಇಪ್ಪತ್ತು.

ತಪ್ಪನ್ನು ದೇವರ ಮೇಲೆ ಹಾಕೋಣವೆಂದರೆ ಕೆಲಸ ಅವಳ ಕೈಯದೇ. ಲೈನಿನವರು ತಡವಾಗಿ ಬರುತ್ತಾರೆಂದು ಮ್ಯಾನೇಜರ್ ಸೋಮವಾರ ಅವಳನ್ನು ಎಲ್ಲರೆದುರು ಬೈದಿದ್ದರು. ಅಂದೇ ಅವಳು ಬೆಳಿಗ್ಗೆ ಎಲ್ಲರೂ ಸೇರುವ ಹಾಜರಿ ಕಟ್ಟೆಯ ಗಡಿಯಾರವನ್ನು ಹದಿನೈದು ನಿಮಿಷ ಮುಂದಿಟ್ಟಿದ್ದಳು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಕಂಪ್ಯೂಟರಿನಲ್ಲಿ ಇನ್ನೂ ಟೈಮ್ ಇದೆ ಎಂದು ಯಾರೂ ವಾದ ಮಾಡಬಾರದೆಂದು ಅದರ ಗಡಿಯಾರವನ್ನೂ ಮುಂದೆ ಮಾಡಿದ್ದಳು. ಅದೇ ಕಂಪ್ಯೂಟರಿನಲ್ಲಿ ಸರ್ವರ್ ಇರುವುದು ನೆನಪಾಗಲಿಲ್ಲ. ಮೂರು ದಿನ ಆನೆ ಬಾರದ್ದರಿಂದ ಗೊತ್ತೂ ಆಗಲಿಲ್ಲ.

ಕಂಪ್ಯೂಟರಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ, ಇನ್ನೊಂದು ಸಲ ಒತ್ತು ಎಂದು ಚಿನ್ನನಿಗೆ ಹೇಳಿದಳು. ತಗ್ಗಿನ ಕಡೆಯಿಂದ ಸೈರನ್ ಕೂಗಿತು. ಯಮುನಾ ಚಪ್ಪಲಿ ಹಾಕಿಕೊಳ್ಳದೆ ಓಡಿದಳು.

ಹದಿನೇಳು ಜನ ಪಂಪ್‌ಶೆಡ್ಡಿನೊಳಗೆ ಸೇರಿದ್ದರು. ಮಾದಿ ಕಾಫಿ ಗಿಡಗಳ ನಡುವೆ ಬಿದ್ದಿದ್ದಳು. ಸೈರನ್ ಕೂಗುವ ಮೊದಲೇ ಆನೆ ಅವಳನ್ನು ಕೆಡವಿ ಹೋಗಿತ್ತು. ಜೀವವಿತ್ತು, ಸೊಂಟದ ಕೆಳಗೆ ಮಾತ್ರ ಏನೂ ಅಲ್ಲಾಡುತ್ತಿರಲಿಲ್ಲ.

ಮಗಳನ್ನು ಕಂಡು ಮಾದಿ ಕೈ ಚಾಚಿದಳು. "ನನ್ನ ಹಾಜರಿ ಹಾಕಿದ್ಯಾ ಮಗಾ? ಲೇಟಾದ್ರೆ ನಿಂಗೆ ಬೈತಾರೆ ಅಂತ ಗಂಜೀನೂ ಕುಡೀದೆ ಬಂದೆ. ಎಲ್ಲರಿಗಿಂತ ಮುಂಚೆ ಬಂದೆ."

ಹಾಕಿದ್ದೇನೆ ಎಂದಳು ಯಮುನಾ.